ಈ ಮನೆಯಲ್ಲಿ ಇರುವವರು ಯಾರು

ಪೋರ್ಟೊ, ಫೊಂಟೈನ್ಯಾಸ್
ಜೂನ್ 9, 2014, ಸೋಮವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ನಾನು ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ಕಪಾಟಿನಲ್ಲಿಟ್ಟು ಅದಕ್ಕೆ ಕೈಮುಗಿಯುತ್ತಿದ್ದೀರೋ? ಏಣಿ ಹತ್ತಬೇಡಿ ಎಂದರೆ ಗಾರೆ ಕೆಲಸದವರು ಕೇಳುವುದಿಲ್ಲ. ಹತ್ತುವಾಗ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ. ನಾವು ಚೆನ್ನಾಗಿದ್ದೇವೆ. ಸಂತ ಜೊವಾವ್ ಹಬ್ಬಕ್ಕೆ ಬೀದಿಯಲ್ಲಿ ಬಣ್ಣದ ಕಾಗದ ಕಟ್ಟುತ್ತಿದ್ದಾರೆ, ಬೂತಾಯಿ ಮೀನು ಈಗಲೇ ತುಟ್ಟಿಯಾಗಿದೆ. ನನ್ನ ಗಂಡ ಬೆಂಟೊ ಎಂದಿನಂತೆ ಮೀನು ಸುಡಲು ಕೆಂಡದ ಮುಂದೆ ತಾನೇ ನಿಲ್ಲುತ್ತೇನೆ ಎನ್ನುತ್ತಾನೆ, ಎಂದಿನಂತೆ ಅರ್ಧ ಸೀದುಹೋಗುತ್ತದೆ.

ಇನ್ನು ಮನೆಯ ವಿಷಯ. ಫೋನಿನಲ್ಲಿ ಇದನ್ನೆತ್ತಿದರೆ ನೀವು ಸಿಟ್ಟಾಗಿ ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ. ಮನೆಯೊಡತಿ ದೋನಾ ಎರ್ಮಿನಿಯಾ, "ಕರಾರು ನಿಮ್ಮಪ್ಪನ ಹೆಸರಲ್ಲಿದೆ, ಅವರೇ ಇಲ್ಲಿಲ್ಲ ಅಂದ್ಮೇಲೆ ಮನೆ ಬಿಡಿ" ಅಂದದ್ದಕ್ಕೆ, ಲಕ್ಸೆಂಬರ್ಗಿನ ಬದುಕನ್ನೆಲ್ಲ ಕಟ್ಟಿಟ್ಟು ತಿಂಗಳ ಕೊನೆಗೆ ಬಂದುಬಿಡುತ್ತೇನೆ ಎಂದಿರಿ. ಬೇರೆ ದಾರಿ ನನಗೂ ಕಂಡಿರಲಿಲ್ಲ. ನೀವು ಹೋದಾಗಿನಿಂದ ನಾವೆಲ್ಲ ಕೂಡಿ ಆಡಿದ ನಾಟಕ ನಿಮಗೆ ಗೊತ್ತೇ ಇದೆ. ಯಾರೂ ತೊಡದ ನಿಮ್ಮ ಅಂಗಿಗಳನ್ನು ವಾರವಾರ ಒಗೆದು ಬೀದಿ ಕಡೆಯ ತಂತಿಗೆ ಹರವುತ್ತಿದ್ದೆ. ಆ ನೀಲಿ ಅಂಗಿ ಒಗೆದೂ ಒಗೆದೂ ಬೆಳ್ಳಗಾಗಿದೆ. ಕಾಫಿ ಅಂಗಡಿಯ ಬೆಲ್ಮಿರೊ ಕೇಳಿದವರಿಗೆಲ್ಲ, "ಈಗಷ್ಟೇ ಎದ್ದು ಹೋದ್ರಲ್ಲ, ಲೋಟ ಇನ್ನೂ ಬಿಸಿ ಇದೆ" ಅನ್ನುತ್ತಿದ್ದ. ಆಗಸ್ಟ್ ರಜೆಗೆ ಬಂದಾಗ ನೀವು ಕಿಟಕಿಯಲ್ಲಿ ಕೂತು, ಪರಿಚಯವಿಲ್ಲದವರಿಗೂ ಕೈಬೀಸುತ್ತಿದ್ದಿರಿ. ನಾನಂತೂ ಇನ್ನೂ ಒಂದು ಕೈ ಮೇಲೆ. "ನಮ್ಮನೆ ಗೊಂಡೊಮಾರಿನಲ್ಲಿ, ಅತ್ತೆ ಜೊತೆ. ಇಲ್ಲಿ ಅಪ್ಪನಿಗೆ ಅಡುಗೆ ಮಾಡಿಕೊಡೋಕೆ ಬರ್ತೀನಿ ಅಷ್ಟೆ" ಎಂದು ಬೀದಿಗೆಲ್ಲ ಸಾರಿದೆ. ಅಂಚೆ ಡಬ್ಬಿಯ ಮೇಲೆ ನನ್ನ ಹೆಸರು ಬೀಳದಂತೆ ನೋಡಿಕೊಂಡೆ. ಹುಟ್ಟಿದ ಮನೆಯಲ್ಲೇ ನೆಂಟಳಾಗಿ ಕೂತಿದ್ದೆ.

ಕಳೆದ ವಾರ ಬೆಂಟೊ ನನ್ನನ್ನು ಬಾಡಿಗೆದಾರರ ಸಂಘಕ್ಕೆ ಎಳೆದುಕೊಂಡು ಹೋದ. ಅಲ್ಲಿನ ವಕೀಲೆ ಲಿಯೊನೋರ್ ನನ್ನ ವಯಸ್ಸಿನವರೇ, ಮಾತು ಮಾತ್ರ ನಮ್ಮ ಅಜ್ಜಿಯ ಹಾಗೆ. ಅಂಗಿ, ಕಾಫಿ, ಕಿಟಕಿ ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡು, "ಅಲ್ಲಮ್ಮಾ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತಾ ಬಂದಿದೀಯಲ್ಲ" ಎಂದರು. ವಿಷಯ ಇಷ್ಟೇ. ಬಾಡಿಗೆಗೆ ಹಿಡಿದವನು ವರ್ಷದ ಮೇಲೆ ಮನೆಯನ್ನು ಬಳಸದೆ ಬಿಟ್ಟರೆ ಒಡೆಯರು ಕರಾರು ಮುರಿಯಬಹುದು, ನಿಜ. ಆದರೆ ಅವನು ಹೊರಡುವ ಮೊದಲೇ ವರ್ಷಕ್ಕಿಂತ ಹೆಚ್ಚು ಕಾಲ ಅವನ ಜೊತೆಗಿದ್ದ ಮನೆಯವರು ಅಲ್ಲೇ ಉಳಿದು ಸಂಸಾರ ಮಾಡುತ್ತಿದ್ದರೆ ಆ ಕಾರಣ ನಿಲ್ಲುವುದಿಲ್ಲ. ಮನೆ ಖಾಲಿ ಬಿದ್ದಿಲ್ಲವಲ್ಲ. ಅಂದರೆ ನೀವು ಇದ್ದೀರಿ ಎಂದು ತೋರಿಸುವ ಅಗತ್ಯವೇ ಇರಲಿಲ್ಲ, ನಾನು ಇದ್ದೇನೆ ಎಂದು ತೋರಿಸಬೇಕಿತ್ತು. ನಾನು ಮಾಡಿದ್ದು ಪೂರಾ ತಿರುಗಾಮುರುಗಾ. ಲಿಯೊನೋರ್, ಇನ್ನೊಂದು ಸಲ ಅತ್ತೆ ಮನೆಯಲ್ಲಿದ್ದೇನೆ ಎಂದರೆ ಅದನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ, ಬಾಯಿಗೆ ಬೀಗ ಹಾಕು, ವಿದ್ಯುತ್ ಬಿಲ್ಲು ಮಗಳ ಶಾಲೆಯ ಚೀಟಿ ಎಲ್ಲ ತೆಗೆದಿಡು, ಬಾಡಿಗೆ ಒಂದು ತಿಂಗಳೂ ತಪ್ಪಿಸಬೇಡ ಎಂದರು. ಕರಾರು ನಿಮ್ಮ ಹೆಸರಲ್ಲೇ ಇರುತ್ತದೆ, ನನ್ನದಾಗುವುದಿಲ್ಲ, ಅದನ್ನೂ ಬಿಡಿಸಿ ಹೇಳಿದರು.

ಶನಿವಾರ ಅಂಚೆ ಡಬ್ಬಿಗೆ ನನ್ನ ಹೆಸರು ಅಂಟಿಸಿ, ನೇರ ಕೆಳಗಿಳಿದು ದೋನಾ ಎರ್ಮಿನಿಯಾರ ಬಾಗಿಲು ಬಡಿದೆ. ಅಪ್ಪ ಇಲ್ಲಿಲ್ಲ, ಲಕ್ಸೆಂಬರ್ಗಿನಲ್ಲಿದ್ದಾರೆ, ಇಲ್ಲಿ ಬದುಕುತ್ತಿರುವುದು ನಾನು, ಕಾನೂನು ಹೀಗಿದೆ ಎಂದು ಒಂದೇ ಉಸಿರಿಗೆ ಒದರಿದೆ. ಅವರು ಅವರೆ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಅವರಿಲ್ಲ ಅಂತ ನಂಗೊತ್ತಿಲ್ವೇನೇ? ನಿಮ್ಮಪ್ಪನ ಅಂಗಿ ಒಣಗುತ್ತೆ, ಅವರದೊಂದು ಕಾಲುಚೀಲನಾದ್ರೂ ಒಣಗಿದ್ದು ನೋಡಿಲ್ಲ" ಎಂದರು. ಆಮೇಲೆ ಅವರ ವಕೀಲರೂ ಇದನ್ನೇ ಹೇಳಿದ್ದಾರೆಂದೂ, ನಾನು ಹೆದರಿ ಮನೆ ಬಿಟ್ಟರೆ ಬಿಡಲಿ ಎಂದು ತಾವು ಸುಮ್ಮನಿದ್ದರೆಂದೂ ಅವರೇ ಬಾಯಿಬಿಟ್ಟರು. ಮನೆಯನ್ನು ಪ್ರವಾಸಿಗರಿಗೆ ಕೊಡುವ ಆಸೆ ಅವರಿಗೆ. ಆಸೆ ತಪ್ಪಲ್ಲ, ಚಾವಣಿ ರಿಪೇರಿಗೆ ಅವರಿಗೂ ದುಡ್ಡು ಬೇಕು. ಬರುವಾಗ ಒಂದು ಬೊಗಸೆ ಅವರೆಕಾಳು ಕೊಟ್ಟರು. ನನಗೆ ಸಿಟ್ಟು ಬಂದಿತ್ತು, ಆದರೂ ಇಸಿದುಕೊಂಡೆ.

ಹಾಗಾಗಿ ಮನೆಗೆ ಭಯವಿಲ್ಲ. ಮೇಸ್ತ್ರಿಗೆ ಕೆಲಸ ಬಿಡುತ್ತೇನೆಂದು ಹೇಳಿದ್ದರೆ ನಾಳೆಯೇ ಹೋಗಿ ಇಲ್ಲವೆನ್ನಿ. ಬೆಂಟೊ ನಮಸ್ಕಾರ ತಿಳಿಸಿದ್ದಾನೆ, ಮೊಮ್ಮಗಳು ತಾತನಿಗೆ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಮಂಡಿಗಳನ್ನೂ ನಿಮ್ಮನ್ನೂ ಕಾಯಲಿ.

ನಿಮ್ಮ ಮಗಳು
ಜುಡಿತೆ

ಮರೆತ ಮಾತು: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಸ್ಟರ್ ದಿನ ನಾನು ಫೋನ್ ಮಾಡಿದಾಗ ಒಬ್ಬ ಹೆಂಗಸು ಎತ್ತಿ, "ಬ್ರೆಡ್ ತರೋಕೆ ಹೋಗಿದಾರೆ, ನೀನು ಜುಡಿತೆ ಅಲ್ವಾ ಮಗಳೇ?" ಎಂದು, ಗಾಬರಿಯಾಗಿ ಇಟ್ಟುಬಿಟ್ಟರು. ಪಕ್ಕದ ಮನೆಯವರು ಎಂದಿರಿ. ಪಕ್ಕದ ಮನೆಯವರು ನಿಮ್ಮ ಒಲೆಯ ಮೇಲೆ ಸಾರು ಇಡುವುದಿಲ್ಲ ಅಪ್ಪಾ, ಕುದಿಯುವ ಸದ್ದು ನನಗೆ ಕೇಳಿಸಿತು. ಅಮ್ಮ ಹೋಗಿ ಬಹಳ ಕಾಲವಾಯಿತು. ನನಗೊಂದು ಸೂರು ಉಳಿಯಲೆಂದು ನೀವು ಅವರನ್ನು ಬಿಟ್ಟು ಬರಲು ಹೊರಟಿದ್ದಿರಿ, ಒಂದು ಮಾತೂ ಆಡದೆ. ಅದನ್ನು ನೆನೆದು ಅತ್ತಿದ್ದೇನೆ. ಬಿಡಬೇಡಿ. ಅವರ ಹೆಸರು ನನಗಿನ್ನೂ ಗೊತ್ತಿಲ್ಲ, ಬರೆದು ತಿಳಿಸಿ.