ತಾರೀಖಿನ ಚಕ್ರವರ್ತಿಗೆ ಟೆಂಡರ್

೧೪ ಆಗಸ್ಟ್, ಗುರುವಾರ, ಗಂಗಾವತಿ

ಸಕಲ ಟೆಂಡರುಗಳ ಅಧಿಪತಿಯೂ ತಾರೀಖು ಮುಂದೂಡುವುದರಲ್ಲಿ ಚಕ್ರವರ್ತಿಯೂ ಆದ ಕುಷ್ಟಗಿಯ ವಕೀಲ ಪ್ರವೀಣಕುಮಾರರ ಪಾದಾರವಿಂದಗಳಿಗೆ ಬಡ ಜೂನಿಯರ್ ಅಮೃತಾಳ ಸಾಷ್ಟಾಂಗ ಶಾಪಗಳು.

ಸರ್ಕಾರಿ ಕಚೇರಿಯೊಂದರ ಕೇಸು ನಡೆಸುವ ಗುತ್ತಿಗೆ ಇವತ್ತು ಅವರ ಪಾಲಾಯಿತು. ಟೆಂಡರಿನಲ್ಲಿ ಕೇಸಿಗೆ ಬರೀ ಒಂದು ರೂಪಾಯಿ ಶುಲ್ಕ ಬರೆದಿದ್ದರಂತೆ. ಕೋರ್ಟಿಗೆ ಹೋದ ಪ್ರತಿ ತಾರೀಖಿನ ಶುಲ್ಕವನ್ನು ಮಾತ್ರ ಕೈತುಂಬ ಬರೆದಿದ್ದಾರೆ. ಕಚೇರಿಯವರು ಕೇಸಿನ ಶುಲ್ಕ ಯಾರದು ಕಡಿಮೆ ಎಂದಷ್ಟೇ ನೋಡಿದರು, ಅದನ್ನು ನೋಡಲೇ ಇಲ್ಲ. ಇನ್ನು ಆ ಕೇಸುಗಳು ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ನಮ್ಮ ಸೀನಿಯರ್ ದುರ್ಗಾದೇವಿ ಮೇಡಂ ಕೇಸು ಮುಗಿಸಿ ಕೊಡುವವರು. ಕೇಸಿನ ಶುಲ್ಕವನ್ನೇ ನ್ಯಾಯವಾಗಿ ಬರೆದು ಟೆಂಡರ್ ಹಾಕಿದ್ದರು, ಅದಕ್ಕೇ ಸೋತರು.

"ತಾರೀಖಿಗೆ ನೀವೂ ಜಾಸ್ತಿ ಬರೀಬೇಕಿತ್ರಿ," ಎಂದೆ.

"ನಿನಗ ಕೇಸ್ ಮುಗಸಾಕ ಕಲಿಸೀನಿ, ಎಳಿಯಾಕಲ್ಲ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಮುಂದಿನ ತಿಂಗಳಿಂದ ನಿನ್ನ ಇಟ್ಕೊಳ್ಳಾಕ ಆಗಂಗಿಲ್ಲವಾ."

ಹೊಟ್ಟೆ ಉರಿಯುತ್ತಿದೆ. ಆ ಮಹಾನುಭಾವರ ಕರಿಕೋಟಿಗೆ ಇಲಿ ಬೀಳಲಿ. ತುಂಬಿದ ಕೋರ್ಟಿನಲ್ಲಿ ಅವರಿಗೆ ಬಿಕ್ಕಳಿಕೆ ಹತ್ತಲಿ.

ಸಂಜೆ ಆ ಪ್ರವೀಣಕುಮಾರರದೇ ಫೋನು. "ತಾರೀಖಿಗೆ ನಿಂದ್ರಾಕ ಒಬ್ಬರು ಬೇಕಾಗ್ಯಾರ. ನಮ್ಮ ಕಡಿ ಬರ್ತೀಯೇನವಾ?"

ಬೈಗುಳಗಳು ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು.

"ಯಾವತ್ತಿಂದ ಬರ್ಲಿರಿ ಸರ್?" ಎಂದು ಕೇಳಿಬಿಟ್ಟೆ.