ಒಡೆದ ಕೆಂಪು ಚುಕ್ಕೆ

ಮಾರ್ಚ್ ೧೧, ಮಂಗಳವಾರ

ಶ್ರುತಿ ಕೊನೆಗೂ ಸೇರಿತು, ನನ್ನ ಜಾಣತನದಿಂದಲ್ಲ. ಸೋದರತ್ತೆ ಹಿಂದೆ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಆ ಹಳೆಯ ಸಿಂಥಸೈಜರ್ ವಾರಗಟ್ಟಲೆ ನನ್ನ ತಲೆ ತಿಂದಿತ್ತು. ಸಾಯಂಕಾಲ ಮತ್ತೆ ಮುಚ್ಚಳ ಬಿಚ್ಚಿ ನೋಡಿದರೆ, ಶ್ರುತಿ ಹೊಂದಿಸುವ ತಿರುಪುಗಳ ಮೇಲೆಲ್ಲ ಕೆಂಪು ಉಗುರುಬಣ್ಣ! ಯಾವ ಪುಣ್ಯಾತ್ಮನ ಕೆಲಸವೋ ಎಂದು ಬೈದುಕೊಂಡೇ ಅತ್ತೆಗೆ ಫೋನ್ ಮಾಡಿದೆ.

"ನಾನೇ ಕಣೋ," ಎಂದು ನಕ್ಕಳು. "ಬ್ಯಾಂಡಿನವರೆಲ್ಲ ಕೈಯಾಡಿಸಿ ಕೆಡಿಸೋರು, ಅದಕ್ಕೇ ಶ್ರುತಿ ಕೂಡಿಸಿದ ಮೇಲೆ ಹಚ್ಚಿಡ್ತಿದ್ದೆ. ಬಣ್ಣ ಒಡೆದಿದ್ರೆ ಯಾರೋ ತಿರುಗಿಸಿದಾರೆ ಅಂತ ಅರ್ಥ. ಒಡೆದ ಚೂರು ಎರಡೂ ಕೂಡೋ ಹಾಗೆ ತಿರುಗಿಸು, ಸಾಕು."

ಒಂದೇ ಒಂದು ಒಡೆದಿತ್ತು. ಕೂದಲೆಳೆಯಷ್ಟು ತಿರುಗಿಸಿದೆ, ಕೆಂಪು ಚುಕ್ಕೆ ಒಂದಾಯಿತು. ಫೋನಿನ ಹತ್ತಿರ ಒಂದು ಸ್ವರ ಒತ್ತಿ ಹಿಡಿದೆ. ಅತ್ತೆ ಮೆಲ್ಲಗೆ ತನ್ನ ದನಿಯನ್ನೂ ಸೇರಿಸಿದಳು. ಯಾವುದು ಅತ್ತೆ, ಯಾವುದು ಪೆಟ್ಟಿಗೆ ಎಂದು ತಿಳಿಯದಷ್ಟು ಕೂಡಿಕೊಂಡವು.

ಒಳಗಿನ ಭಾಗಗಳನ್ನೆಲ್ಲ ಕಿತ್ತು ಹೊಸದು ಹಾಕಲು ಹೊರಟಿದ್ದೆನಲ್ಲ! ಸದ್ಯ, ಮೊದಲು ಕೇಳಿದೆ.

ತಿರುಪಿಗೆ ಮತ್ತೆ ಹಚ್ಚಲು ಹೆಂಡತಿಯ ಬಳಿ ಇದ್ದದ್ದು ನೇರಳೆ ಬಣ್ಣ. "ನಿಮ್ಮ ಉಗುರಿಗೂ ಹಚ್ಲಾ?" ಎಂದು ಕೆಣಕಿದಳು. ಬೇಡವೆನ್ನುವಷ್ಟರಲ್ಲಿ ಹೆಬ್ಬೆರಳಿಗೆ ತಾಗಿಯೇಬಿಟ್ಟಿತ್ತು.

ಇದನ್ನು ಬರೆಯುವಾಗಲೂ ಅದು ಹೊಳೆಯುತ್ತಿದೆ. ಒರೆಸಲು ಮನಸ್ಸಾಗಲಿಲ್ಲ. ನಾಳೆ ಆಫೀಸಿನಲ್ಲಿ ಯಾರಾದರೂ ಕೇಳಿದರೆ, ನಮ್ಮತ್ತೆಯ ಸಹಿ ಅನ್ನುತ್ತೇನೆ.