ದಿಂಡಿಗಲ್ಲಿನಲ್ಲಿ ನೀವು ಆಡಿದ ಮಾತು

ಕಂಬಂ, ಸಂಕ್ರಾಂತಿಯ ತೈ ತಿಂಗಳು, ೧೮೯೬

ಕಾಮಯಗೌಂಡನ್‌ಪಟ್ಟಿಯಲ್ಲಿರುವ ಅಪ್ಪನ ಪಾದಗಳಿಗೆ ಮಗಳು ಮೂಕಮ್ಮಾಳ್ ಮಾಡುವ ನಮಸ್ಕಾರ.

ನನ್ನ ಲೈಸೆನ್ಸು ಉಳಿಯಿತು. ಇದು ನಿಮಗೆ ಸಂತೋಷದ ಸುದ್ದಿಯಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗಂಡ ಸತ್ತ ಮೇಲೆ ಮೂಲೆಯಲ್ಲಿ ಕೂರದೆ, ದಿಂಡಿಗಲ್ ಆಸ್ಪತ್ರೆಯಲ್ಲಿ ಕಲಿತು, ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಾಯಿಲೆ ನೋಡಲು, ಸಿಡುಬು ಬಾರದಂತೆ ದೇವಿ ಹಾಕಲು ಅಪ್ಪಣೆ ಪಡೆದವಳು ನಾನು. ಎಲ್ಲ ಜಾತಿಯ ಮಕ್ಕಳನ್ನೂ ಮುಟ್ಟುತ್ತೇನೆಂದು ನಮ್ಮೂರ ಯಜಮಾನ ಗೌಂಡರು ದೂರು ಕೊಟ್ಟರು. ನೀವೂ ಅವರ ಗಾಡಿಯಲ್ಲೇ ದಿಂಡಿಗಲ್ಲಿಗೆ ಬಂದು, ಲೈಸೆನ್ಸು ಕೊಡುವ ಡಾಕ್ಟರ ಮುಂದೆ ನಿಂತು, "ಇವ್ಳು ನಮ್ಮ ಮಾತ ಕೇಳಾದಿಲ್ಲ ದೊರೆ, ಆ ಕಾಗ್ದ ಕಿತ್ಕಳಿ" ಅಂದಿರಿ.

ಡಾಕ್ಟರು ನನ್ನತ್ತ ತಿರುಗಿದರು. ನಾನು ಹೇಳಿದೆ: "ಅಪ್ಪ ಯೋಳಿದ್ದು ಸತ್ಯ ದೊರೆ, ಕೇಳಾದಿಲ್ಲ. ಆದ್ರೆ ನಂಗೆ ಕೆಲ್ಸ ಬತ್ತದೆ. ಪರೀಕ್ಷೆ ಮಾಡಿ."

ಜ್ವರವಿರುವ ಮಗುವಿಗೆ ದೇವಿ ಹಾಕಬಹುದೇ ಎಂದು ಕೇಳಿದರು. ಕೂಡದು ಎಂದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಪರೀಕ್ಷೆ ಮುಗಿಯುವ ಮೊದಲೇ ನೀವು ಹೊರಟುಹೋದಿರಿ. ಡಾಕ್ಟರು ಲೈಸೆನ್ಸಿಗೆ ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. ಮುಂದಿನ ವರ್ಷವೂ ಹೋಗಿ ನಿಲ್ಲುತ್ತೇನೆ, ಅದರ ಮುಂದಿನ ವರ್ಷವೂ.

ಈಗ ಪಕ್ಕದ ಗೂಡಲೂರಿನಲ್ಲಿ ಸಿಡುಬು ಎದ್ದಿದೆ. ತಂಗಿ ಚೆಲ್ಲಮ್ಮಾಳಿಗೆ ಇನ್ನೂ ದೇವಿ ಹಾಕಿಸಿಲ್ಲ. ಸೋಮವಾರ ಅವಳನ್ನು ಶಾಲೆಗೆ ಕಳಿಸಿ. ಕಳಿಸದಿದ್ದರೆ ಮರುದಿನ ನಾನೇ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂತು, ನಮ್ಮ ಬೀದಿಯ ಮಕ್ಕಳಿಗೆಲ್ಲ ದೇವಿ ಹಾಕುತ್ತಾ, ಅದು ತೆರೆಯುವವರೆಗೆ ಕಾಯುತ್ತೇನೆ.

ಇಂತಿ ನಿಮ್ಮ ಹಿರಿಯ ಮಗಳು,
ಮೂಕಮ್ಮಾಳ್